ಭ್ರೂಣ ಮತ್ತು ನವಜಾತ ಶಿಶುವಿನ ಮೂತ್ರಪಿಂಡದ ಊತ

ಭ್ರೂಣದ ಅಥವಾ ನವಜಾತ ಶಿಶುವಿನ ಮೂತ್ರಪಿಂಡದಲ್ಲಿ ಮೂತ್ರವು ಸಂಗ್ರಹಗೊಂಡು, ಅದರ ಒಳಕುಹರವು ಹಿಗ್ಗುವ ಸ್ಥಿತಿಯನ್ನು ಮೂತ್ರಪಿಂಡದ ಊತ ಅಥವಾ ಹೈಡ್ರೊನೆಫ್ರೋಸಿಸ್ ಎನ್ನುತ್ತಾರೆ. ಇದು ಸೋಂಕಿನಿಂದಾಗುವ ಬಾವು ಅಲ್ಲ. ಗರ್ಭಿಣಿಯರ ಸ್ಕ್ಯಾನಿಂಗ್‌ನಲ್ಲಿ ಹೆಚ್ಚಾಗಿ ಕಂಡುಬರುವ ವ್ಯತ್ಯಾಸಗಳಲ್ಲಿ ಇದೂ ಒಂದಾಗಿದ್ದು, ನೂರು ಗರ್ಭಧಾರಣೆಗಳ ಪೈಕಿ ಸುಮಾರು 1ರಿಂದ 5ರಲ್ಲಿ ಕಾಣಿಸುತ್ತದೆ. ಬಹುಪಾಲು ಶಿಶುಗಳಲ್ಲಿ ಚಿಕಿತ್ಸೆಯಿಲ್ಲದೆ ತಾನಾಗಿಯೇ ಶಮನವಾಗುತ್ತದೆ. ಉಳಿದ ಕೆಲವರನ್ನು ಸಕಾಲದಲ್ಲಿ ಗುರುತಿಸುವುದೇ ವೈದ್ಯರ ಮುಂದಿರುವ ಪ್ರಶ್ನೆ.

ಕಾರಣಗಳು

ಮೂತ್ರಪಿಂಡದಿಂದ ಮೂತ್ರನಾಳವು ಹೊರಡುವ ಸ್ಥಳ ಕಿರಿದಾಗಿರುವುದು ಗಂಭೀರ ಕಾರಣಗಳಲ್ಲಿ ಮುಖ್ಯವಾದುದು. ಮೂತ್ರಕೋಶದಲ್ಲಿರುವ ಮೂತ್ರವು ಹಿಮ್ಮುಖವಾಗಿ ಮೇಲೇರುವುದು ಮತ್ತೊಂದು. ಇವೆಲ್ಲಕ್ಕಿಂತ ಅಪಾಯಕಾರಿಯಾದುದು ಗಂಡುಶಿಶುಗಳಲ್ಲಿ ಮಾತ್ರ ಕಾಣುವ, ಮೂತ್ರದ್ವಾರದ ಹಾದಿಯಲ್ಲಿ ಪೊರೆಯಂತೆ ಬೆಳೆದ ಕವಾಟದ ತಡೆ. ಇದರಲ್ಲಿ ಸಾಮಾನ್ಯವಾಗಿ ಎರಡೂ ಮೂತ್ರಪಿಂಡಗಳು ಹಿಗ್ಗುತ್ತವೆ. ಗರ್ಭಚೀಲದ ನೀರಿನ ಬಹುಭಾಗ ಭ್ರೂಣದ ಮೂತ್ರವೇ ಆದುದರಿಂದ ಆ ನೀರೂ ಕಡಿಮೆಯಾಗಬಹುದು. ಆಗ ಶ್ವಾಸಕೋಶದ ಬೆಳವಣಿಗೆಯೂ ಕುಂಠಿತವಾಗುತ್ತದೆ.

ಪತ್ತೆ

ಒಳಕುಹರದ ಮುಂಬದಿಯಿಂದ ಹಿಂಬದಿಗಿರುವ ಅಗಲವನ್ನು ಅಳೆಯಲಾಗುತ್ತದೆ. ಎರಡನೆಯ ತ್ರೈಮಾಸಿಕದಲ್ಲಿ 4 ಮಿ.ಮೀ., ಮೂರನೆಯದರಲ್ಲಿ 7 ಮಿ.ಮೀ. ಅಥವಾ ಅದಕ್ಕಿಂತ ಹೆಚ್ಚಿದ್ದರೆ ಅದನ್ನು ಊತವೆಂದು ಪರಿಗಣಿಸುತ್ತಾರೆ. ಮೂರನೆಯ ತ್ರೈಮಾಸಿಕದಲ್ಲಿ 15 ಮಿ.ಮೀ. ಮೀರಿದರೆ ಅದು ತೀವ್ರ.

ಜನನಾನಂತರದ ಪರೀಕ್ಷೆಯಲ್ಲಿ ತಪ್ಪಾಗುವ ಸಂಭವವಿದೆ. ಹುಟ್ಟಿದ ಮೊದಲ ಒಂದೆರಡು ದಿನ ಶಿಶುವಿಗೆ ಮೂತ್ರ ಕಡಿಮೆ. ಆಗ ಮಾಡಿದ ಸ್ಕ್ಯಾನಿಂಗ್‌ನಲ್ಲಿ ಊತ ಇಲ್ಲದಂತೆ ಕಾಣಬಹುದು. ಆದ್ದರಿಂದ 48 ಗಂಟೆಗಳ ನಂತರ, ಮೊದಲ ವಾರದೊಳಗೆ ಪರೀಕ್ಷಿಸಿ, ಫಲಿತಾಂಶ ಸರಿಯಿದ್ದರೂ 4ರಿಂದ 6 ವಾರಗಳಲ್ಲಿ ಮತ್ತೊಮ್ಮೆ ನೋಡುವುದು ರೂಢಿ. ಕವಾಟದ ತಡೆಯ ಸಂಶಯವಿದ್ದರೆ, ಎರಡೂ ಬದಿ ತೀವ್ರವಾಗಿ ಊದಿದ್ದರೆ ಅಥವಾ ಇರುವುದೇ ಒಂದು ಮೂತ್ರಪಿಂಡವಾಗಿದ್ದರೆ ಕಾಯುವಂತಿಲ್ಲ.

ಕೊಡಗಿನ ಸಂದರ್ಭ

ಕೊಡಗು ಜಿಲ್ಲೆಯಲ್ಲಿ ರೈಲುಮಾರ್ಗವಿಲ್ಲ. ಮಡಿಕೇರಿಯಲ್ಲಿ 2016ರಲ್ಲಿ ಆರಂಭವಾದ ಕೊಡಗು ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯಿದೆ. ಶಿಶುಗಳ ಮೂತ್ರಾಂಗ ಶಸ್ತ್ರಚಿಕಿತ್ಸೆಯಂತಹ ವಿಶೇಷ ಆರೈಕೆಗೆ ದೊಡ್ಡ ನಗರಕ್ಕೆ ಹೋಗಬೇಕಾದರೆ ಮೈಸೂರು ಸುಮಾರು 120 ಕಿ.ಮೀ., ಮಂಗಳೂರು ಸುಮಾರು 140 ಕಿ.ಮೀ. ದೂರ. 2018ರ ಆಗಸ್ಟ್‌ನ ಭೂಕುಸಿತಗಳಲ್ಲಿ ಸಂಪಾಜೆ ಘಾಟಿಯ ಹೆದ್ದಾರಿಯೇ ಮುಚ್ಚಿಹೋಗಿತ್ತು. ತೀವ್ರ ಊತವಿರುವ ಭ್ರೂಣದ ಹೆರಿಗೆ ಮಳೆಗಾಲದಲ್ಲಿ ಬರುವುದಾದರೆ ಆಸ್ಪತ್ರೆಯನ್ನು ಮೊದಲೇ ನಿಶ್ಚಯಿಸಿಕೊಳ್ಳುವುದು ಲೇಸು.

ಬಾಣಂತನಕ್ಕೆ ತವರಿಗೆ ಹೋಗುವ ವಾಡಿಕೆಯಿಂದಲೂ ಒಂದು ತೊಡಕುಂಟು. ಸ್ಕ್ಯಾನಿಂಗ್ ಒಂದು ಊರಿನಲ್ಲಿ, ಹೆರಿಗೆ ಇನ್ನೊಂದರಲ್ಲಿ ಆದಾಗ ‘ಮಗುವಿನ ಕಿಡ್ನಿ ಊದಿದೆ’ ಎಂಬ ಮಾತು ಮಾತ್ರ ಉಳಿದು, ಅಳತೆಯಿದ್ದ ವರದಿ ಹಿಂದೆಯೇ ಉಳಿಯಬಹುದು. ಆರು ವಾರಗಳ ಮರುಪರೀಕ್ಷೆ ಬೀಳುವುದೂ ಬಾಣಂತನದ ಅವಧಿಯಲ್ಲಿಯೇ. 1994ರ ಪ್ರಸವಪೂರ್ವ ಲಿಂಗಪತ್ತೆ ನಿಷೇಧ ಕಾಯ್ದೆಯಂತೆ ಭ್ರೂಣದ ಲಿಂಗವನ್ನು ತಿಳಿಸುವಂತಿಲ್ಲವಾದುದರಿಂದ, ಕವಾಟದ ತಡೆಯ ಸಂಶಯವನ್ನು ವೈದ್ಯರು ಲಿಂಗವನ್ನು ಹೇಳದೆಯೇ ವಿವರಿಸಬೇಕಾಗುತ್ತದೆ.

ಚಿಕಿತ್ಸೆ

ಸೌಮ್ಯ ಊತಕ್ಕೆ ಆಗಾಗ ಸ್ಕ್ಯಾನಿಂಗ್ ಮಾಡಿಸುತ್ತಿದ್ದರೆ ಸಾಕು. ಮೂತ್ರಪಿಂಡದ ಕಾರ್ಯಕ್ಷಮತೆ ಇಳಿಯುತ್ತಿದ್ದರೆ ಅಥವಾ ಊತ ಹೆಚ್ಚುತ್ತಿದ್ದರೆ, ಕಿರಿದಾದ ಭಾಗವನ್ನು ಕತ್ತರಿಸಿ ಮರುಜೋಡಿಸುವ ಪೈಲೋಪ್ಲಾಸ್ಟಿ ಮಾಡುತ್ತಾರೆ. ಆಂಡರ್ಸನ್ ಮತ್ತು ಹೈನ್ಸ್ 1949ರಲ್ಲಿ ಪ್ರಕಟಿಸಿದ ವಿಧಾನ ಇಂದಿಗೂ ಬಳಕೆಯಲ್ಲಿದೆ. ಕವಾಟದ ತಡೆಯಿದ್ದರೆ ಮೊದಲು ಕೊಳವೆ ಹಾಕಿ ಮೂತ್ರ ಹೊರಬಿಟ್ಟು, ಬಳಿಕ ಅಂತರ್ದರ್ಶಕದ ಮೂಲಕ ಪೊರೆಯನ್ನು ತೆಗೆಯುತ್ತಾರೆ. ಅಂತಹ ಮಕ್ಕಳಿಗೆ ಮೂತ್ರಪಿಂಡದ ತಪಾಸಣೆ ದೊಡ್ಡವರಾಗುವವರೆಗೂ ಬೇಕು.

ಮನೆಯಲ್ಲಿರುವ ಶಿಶುವಿಗೆ ಕಾರಣ ತಿಳಿಯದ ಜ್ವರ ಬಂದರೆ, ಮೂತ್ರ ಹನಿಹನಿಯಾಗಿ ಬೀಳುತ್ತಿದ್ದರೆ, ಹಾಲು ಕುಡಿಯದೆ ಹೊಟ್ಟೆ ಉಬ್ಬಿದ್ದರೆ ಆ ದಿನವೇ ವೈದ್ಯರಿಗೆ ತೋರಿಸಿ, ಗರ್ಭಾವಧಿಯ ಸ್ಕ್ಯಾನಿಂಗ್ ವರದಿಯನ್ನೂ ಜೊತೆಗೆ ಒಯ್ಯಬೇಕು.