ಮನೆಯ ಅಂತರ್ಜಾಲ: ಸೇವೆ, ಮೋಡೆಮ್ ಮತ್ತು ರೂಟರ್‌ಗಳ ಆಯ್ಕೆ

ಅಮೆರಿಕದಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳಿಗೆ ಮನೆಯ ಅಂತರ್ಜಾಲವು ಇಂದು ನೀರು, ವಿದ್ಯುತ್ತುಗಳಷ್ಟೇ ಅಗತ್ಯವಾದ ಸೌಕರ್ಯ. ಮಕ್ಕಳ ಪಾಠ, ಹಿರಿಯರ ಉದ್ಯೋಗ, ವೈದ್ಯರೊಡನೆ ವೀಡಿಯೊ ಮೂಲಕ ನಡೆಯುವ ಸಮಾಲೋಚನೆ, ಊರಿನಲ್ಲಿರುವ ತಂದೆತಾಯಿಯರ ಮುಖದರ್ಶನ ಎಲ್ಲವೂ ಅದನ್ನೇ ಅವಲಂಬಿಸಿವೆ. ಆದರೆ ಅದನ್ನು ಕೊಳ್ಳುವಾಗ ಹೆಚ್ಚಿನವರು ನೋಡುವುದು ಒಂದೇ ಅಂಕಿಯನ್ನು: ಡೌನ್‌ಲೋಡ್ ವೇಗ. ಕರೆ ತುಂಡಾದರೆ ಇನ್ನೂ ಹೆಚ್ಚಿನ ವೇಗದ, ಇನ್ನೂ ದುಬಾರಿಯಾದ ಯೋಜನೆಗೆ ಹೋಗುತ್ತಾರೆ. ಜ್ವರದ ಕಾರಣವನ್ನು ಹುಡುಕದೆ ಔಷಧದ ಪ್ರಮಾಣವನ್ನಷ್ಟೇ ಏರಿಸುತ್ತ ಹೋಗುವುದಕ್ಕೂ ಇದಕ್ಕೂ ಹೆಚ್ಚಿನ ವ್ಯತ್ಯಾಸವಿಲ್ಲ. ತೊಂದರೆ ಎಲ್ಲಿದೆಯೆಂದು ಮೊದಲು ತಿಳಿದು, ಅದಕ್ಕೆ ತಕ್ಕುದನ್ನು ಮಾತ್ರ ಕೊಳ್ಳುವ ಕ್ರಮವನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

ಮೊದಲು ಅಂಗರಚನೆ

ಮನೆಯ ಅಂತರ್ಜಾಲ ವ್ಯವಸ್ಥೆಯಲ್ಲಿ ಮೂರು ಅಂಗಗಳಿವೆ. ಮೊದಲನೆಯದು ಕಂಪನಿಯಿಂದ ಮನೆಯ ಗೋಡೆಯವರೆಗೆ ಬರುವ ಮಾರ್ಗ. ಎರಡನೆಯದು ಮೋಡೆಮ್, ಆ ಮಾರ್ಗದಲ್ಲಿ ಬಂದ ಸಂಕೇತವನ್ನು ಮನೆಯ ಉಪಕರಣಗಳು ಬಳಸಬಲ್ಲ ರೂಪಕ್ಕೆ ಇದು ತರುತ್ತದೆ. ಫೈಬರ್ ಸಂಪರ್ಕವಿರುವ ಮನೆಗಳಲ್ಲಿ ಈ ಕೆಲಸವನ್ನು ಒಎನ್‌ಟಿ ಎಂಬ ಪೆಟ್ಟಿಗೆ ಮಾಡುತ್ತದೆ. ಮೂರನೆಯದು ರೂಟರ್, ಬಂದ ಒಂದು ಸಂಪರ್ಕವನ್ನು ಮನೆಯ ಎಲ್ಲ ಸಾಧನಗಳಿಗೂ ಹಂಚುವುದು, ವೈಫೈ ಹರಡುವುದು ಇದರ ಕೆಲಸ. ಕಂಪನಿಗಳು ಕೊಡುವ ಗೇಟ್‌ವೇಯಲ್ಲಿ ಮೋಡೆಮ್ ಮತ್ತು ರೂಟರ್ ಒಂದೇ ಕವಚದೊಳಗೆ ಇರುವುದರಿಂದ ಬಳಕೆದಾರರು ಇವೆರಡನ್ನೂ ಒಂದೇ ಎಂದು ತಿಳಿಯುತ್ತಾರೆ. ಆದರೆ ಮೂರೂ ಅಂಗಗಳ ದೋಷ ಬೇರೆ, ಪರಿಹಾರವೂ ಬೇರೆ.

ದೋಷವನ್ನು ಗುರುತಿಸಲು ಸರಳವಾದ ಪರೀಕ್ಷೆಯೊಂದಿದೆ. ಲ್ಯಾಪ್‌ಟಾಪನ್ನು ಈಥರ್‌ನೆಟ್ ತಂತಿಯಿಂದ ನೇರವಾಗಿ ರೂಟರಿಗೆ ಜೋಡಿಸಿ ವೇಗವನ್ನು ಅಳೆಯಬೇಕು. ಬಳಿಕ ತಂತಿ ತೆಗೆದು, ತೊಂದರೆ ಕಾಣುವ ಕೋಣೆಯಲ್ಲಿ ಕುಳಿತು ವೈಫೈ ಮೂಲಕ ಅಳೆಯಬೇಕು. ಇವೆರಡನ್ನೂ ಬೆಳಗ್ಗೆ ಒಮ್ಮೆ, ರಾತ್ರಿ ಎಂಟರಿಂದ ಹತ್ತರೊಳಗೆ ಒಮ್ಮೆ, ಹೀಗೆ ಎರಡು ಮೂರು ದಿನ ಮಾಡಿ ಬರೆದಿಟ್ಟುಕೊಳ್ಳಬೇಕು.

ತಂತಿಯಲ್ಲಿ ಚೆನ್ನಾಗಿದ್ದು ವೈಫೈಯಲ್ಲಿ ಕುಸಿದರೆ ದೋಷ ರೂಟರಿನದು ಅಥವಾ ಅದನ್ನಿಟ್ಟ ಜಾಗದ್ದು. ಕಂಪನಿ ಬದಲಿಸಿದರೂ, ಯೋಜನೆಯನ್ನು ಏರಿಸಿದರೂ ಉಪಯೋಗವಿಲ್ಲ. ತಂತಿಯಲ್ಲಿಯೂ ರಾತ್ರಿ ಮಾತ್ರ ಕುಸಿದರೆ, ನೆರೆಹೊರೆಯವರೊಡನೆ ಹಂಚಿಕೊಂಡ ಮಾರ್ಗದಲ್ಲಿ ದಟ್ಟಣೆ ಇದೆಯೆಂದು ಅರ್ಥ. ಸಾಧ್ಯವಿದ್ದರೆ ಮಾರ್ಗವನ್ನೇ ಬದಲಿಸಬೇಕು. ಎಲ್ಲ ಹೊತ್ತಿನಲ್ಲೂ ತಂತಿಯಲ್ಲಿಯೇ ಕಡಿಮೆಯಿದ್ದರೆ ಹಳೆಯ ಮೋಡೆಮ್, ಸಡಿಲವಾದ ಜೋಡಣೆ, ಹೊರಗಿನ ಕೇಬಲ್, ಇವುಗಳನ್ನು ಪರಿಶೀಲಿಸಬೇಕು. ಅಪರೂಪಕ್ಕೆ ರೂಟರೇ ಕಾರಣವಾಗಿರುವುದೂ ಉಂಟು.

ಮಾರ್ಗಗಳ ತಾರತಮ್ಯ

ಒಂದು ವಿಳಾಸಕ್ಕೆ ಯಾವ ಯಾವ ಕಂಪನಿಗಳ ಸೇವೆ ದೊರೆಯುತ್ತದೆ ಎಂಬುದನ್ನು ಫೆಡರಲ್ ಕಮ್ಯುನಿಕೇಷನ್ಸ್ ಕಮಿಷನ್ (ಎಫ್‌ಸಿಸಿ) ಪ್ರಕಟಿಸಿರುವ ರಾಷ್ಟ್ರೀಯ ಬ್ರಾಡ್‌ಬ್ಯಾಂಡ್ ನಕ್ಷೆಯಲ್ಲಿ ಮನೆಯ ವಿಳಾಸ ಕೊಟ್ಟು ನೋಡಬಹುದು. ಮನೆ ಕೊಳ್ಳುವ ಮುನ್ನವೇ ಇದನ್ನು ನೋಡುವುದು ಒಳ್ಳೆಯದು.

ಫೈಬರ್ ದೊರೆಯುವಲ್ಲಿ ಅದೇ ಮೊದಲ ಆಯ್ಕೆ. ಅದರಲ್ಲಿ ಸಾಮಾನ್ಯವಾಗಿ ಡೌನ್‌ಲೋಡ್ ಮತ್ತು ಅಪ್‌ಲೋಡ್ ವೇಗಗಳು ಸಮನಾಗಿರುತ್ತವೆ. ಕೇಬಲ್ ಸಂಪರ್ಕವು ಟೀವಿಗಾಗಿ ಹಾಕಿದ ಜಾಲದಿಂದ ಬೆಳೆದದ್ದು. ಚಿತ್ರವನ್ನು ಮನೆಗೆ ತರುವುದೇ ಅದರ ಮೂಲ ಉದ್ದೇಶವಾಗಿತ್ತು. ಮನೆಯಿಂದ ಹೊರಗೆ ಕಳಿಸುವುದಲ್ಲ. ಆದ್ದರಿಂದಲೇ ಹಲವು ಕೇಬಲ್ ಯೋಜನೆಗಳಲ್ಲಿ ಡೌನ್‌ಲೋಡ್ ನೂರಾರು ಮೆಗಾಬಿಟ್ ಇದ್ದರೂ ಅಪ್‌ಲೋಡ್ ಅದರ ಸಣ್ಣ ಅಂಶವಷ್ಟೇ. ದೂರವಾಣಿಯ ತಾಮ್ರದ ತಂತಿಯ ಮೇಲಿನ ಡಿಎಸ್‌ಎಲ್ ಸೇವೆಯು ಕೇಂದ್ರದಿಂದ ಮನೆ ದೂರವಾದಷ್ಟೂ ಕ್ಷೀಣಿಸುತ್ತದೆ. ಮೊಬೈಲ್ ಗೋಪುರದಿಂದ ಬರುವ 5ಜಿ ಸೇವೆಯ ಗುಣ ಆ ಮನೆಯ ಸ್ಥಾನವನ್ನೂ ಗೋಪುರದ ಮೇಲಿನ ಹೊರೆಯನ್ನೂ ಅವಲಂಬಿಸುತ್ತದೆ; ಪಕ್ಕದ ಬೀದಿಯವರ ಅನುಭವ ನಮಗೆ ಪ್ರಮಾಣವಾಗದು. ಉಪಗ್ರಹಗಳಲ್ಲಿ ಎರಡು ಬಗೆ. ಭೂಸ್ಥಿರ ಉಪಗ್ರಹಗಳು 35,786 ಕಿಲೋಮೀಟರ್ ಎತ್ತರದಲ್ಲಿರುವುದರಿಂದ ಪ್ರಶ್ನೆ ಹೋಗಿ ಉತ್ತರ ಬರುವಷ್ಟರಲ್ಲಿ ಅರ್ಧ ಸೆಕೆಂಡಿನಷ್ಟು ಕಾಲ ಕಳೆಯುತ್ತದೆ. ಸ್ಟಾರ್‌ಲಿಂಕ್‌ನಂತಹ ಸೇವೆಯ ಉಪಗ್ರಹಗಳು ಸುಮಾರು 550 ಕಿಲೋಮೀಟರ್ ಎತ್ತರದಲ್ಲಿದ್ದು, ಅವುಗಳ ವಿಳಂಬ ಬಹಳ ಕಡಿಮೆ.

ಸೇವೆಗಳನ್ನು ಹೋಲಿಸಲು ಎಫ್‌ಸಿಸಿಯ ಲೇಬಲ್ ನೆರವಾಗುತ್ತದೆ. ಆಹಾರದ ಪೊಟ್ಟಣಗಳ ಮೇಲಿನ ಪೌಷ್ಟಿಕಾಂಶದ ಪಟ್ಟಿಯನ್ನು ಹೋಲುವ ಈ ಲೇಬಲ್ ದೊಡ್ಡ ಕಂಪನಿಗಳಿಗೆ 2024ರ ಏಪ್ರಿಲ್ 10ರಿಂದ ಕಡ್ಡಾಯವಾಯಿತು. ಜಾಹೀರಾತಿನ ಬೆಲೆಗಿಂತ ಅದರಲ್ಲಿರುವ ನಾಲ್ಕು ಸಾಲುಗಳು ಮುಖ್ಯ: ಆರಂಭಿಕ ರಿಯಾಯಿತಿ ಮುಗಿದ ಮೇಲಿನ ದರ, ಮಾಸಿಕ ಶುಲ್ಕಗಳು, ವಾಡಿಕೆಯ ಅಪ್‌ಲೋಡ್ ವೇಗ ಹಾಗೂ ಡೇಟಾ ಮಿತಿ.

ಎಷ್ಟು ವೇಗ ಸಾಕು?

ಎಫ್‌ಸಿಸಿಯು 2015ರಲ್ಲಿ ಬ್ರಾಡ್‌ಬ್ಯಾಂಡ್ ಎನ್ನಲು ಸೆಕೆಂಡಿಗೆ 25 ಮೆಗಾಬಿಟ್ ಡೌನ್‌ಲೋಡ್, 3 ಮೆಗಾಬಿಟ್ ಅಪ್‌ಲೋಡ್ ಇರಬೇಕೆಂದು ಗೊತ್ತುಮಾಡಿತ್ತು. 2024ರ ಮಾರ್ಚ್‌ನಲ್ಲಿ ಅದನ್ನು 100 ಮತ್ತು 20ಕ್ಕೆ ಏರಿಸಿತು. ನಾಲ್ವರ ಕುಟುಂಬದ ಲೆಕ್ಕ ಹಾಕಿ ನೋಡೋಣ. 4ಕೆ ಗುಣಮಟ್ಟದ ಒಂದು ಚಲನಚಿತ್ರಕ್ಕೆ 15ರಿಂದ 25 ಮೆಗಾಬಿಟ್ ಡೌನ್‌ಲೋಡ್ ಬೇಕು. ಒಳ್ಳೆಯ ವೀಡಿಯೊ ಕರೆಗೆ ಎರಡೂ ದಿಕ್ಕಿನಲ್ಲಿ 3ರಿಂದ 4 ಮೆಗಾಬಿಟ್ ಬೇಕು. ಒಂದೇ ಹೊತ್ತಿನಲ್ಲಿ ಎರಡು ಚಲನಚಿತ್ರ, ಎರಡು ಕರೆ ನಡೆದರೂ ಡೌನ್‌ಲೋಡ್ ಅಗತ್ಯ 60ನ್ನು ದಾಟುವುದಿಲ್ಲ. ಸಾವಿರ ಮೆಗಾಬಿಟ್ಟಿನ ಯೋಜನೆ ದೊಡ್ಡ ಕಡತಗಳನ್ನು ಬೇಗ ಇಳಿಸಿಕೊಡುತ್ತದೆಯೇ ಹೊರತು ಕರೆಯನ್ನು ಸ್ಪಷ್ಟಗೊಳಿಸುವುದಿಲ್ಲ.

ಕರೆಗಳು ಕೆಡುವುದು ಹೆಚ್ಚಾಗಿ ಅಪ್‌ಲೋಡ್ ಕಡೆಯಿಂದ. ಎರಡು ಕರೆಗಳ ಜೊತೆಗೆ ಬಾಗಿಲಿನ ಕ್ಯಾಮೆರಾ ಚಿತ್ರ ಕಳಿಸುತ್ತಿದ್ದು, ಮಗಳ ಫೋನು ಪ್ರವಾಸದ ಚಿತ್ರಗಳನ್ನೆಲ್ಲ ಕ್ಲೌಡಿಗೆ ಏರಿಸತೊಡಗಿತೆಂದರೆ ಕಿರಿದಾದ ಅಪ್‌ಲೋಡ್ ದಾರಿ ತುಂಬಿಹೋಗುತ್ತದೆ. ವೈದ್ಯರಿಗೆ ನಮ್ಮ ಮುಖ ಮಸುಕಾಗಿ ಕಾಣುವುದು, ಉಸಿರಾಟದ ಲಯ ತಿಳಿಯದಿರುವುದು, ಮಾತು ನಡುವೆ ನುಂಗಿಹೋಗುವುದು ಇಂತಹ ಹೊತ್ತಿನಲ್ಲಿಯೇ. ವೀಡಿಯೊ ಸಮಾಲೋಚನೆಯಲ್ಲಿ ವೈದ್ಯರ ಪಾಲಿಗೆ ನೋಟವೇ ಪರೀಕ್ಷೆಯ ದೊಡ್ಡ ಭಾಗವಾದ್ದರಿಂದ ಈ ಕೊರತೆಯನ್ನು ಹಗುರವಾಗಿ ಎಣಿಸುವಂತಿಲ್ಲ.

ಊರಿನ ಕರೆ

ಬೆಂಗಳೂರಿಗೂ ಅಮೆರಿಕದ ಎರಡೂ ಕರಾವಳಿಗಳಿಗೂ ನಡುವಿನ ನೇರ ಅಂತರ ಸುಮಾರು 13ರಿಂದ 14 ಸಾವಿರ ಕಿಲೋಮೀಟರ್. ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿಲೋಮೀಟರ್ ಸಾಗುತ್ತದೆ. ಆದ್ದರಿಂದ ಹೋಗಿಬರಲು ಕನಿಷ್ಠ 130ರಿಂದ 140 ಮಿಲಿಸೆಕೆಂಡು ಬೇಕೇ ಬೇಕು. ಕೇಬಲ್‌ಗಳು ಸಮುದ್ರದಡಿ ಸುತ್ತುಬಳಸಿ ಸಾಗುವುದರಿಂದ ವಾಸ್ತವದಲ್ಲಿ ಇದು 200ನ್ನು ಮೀರುವುದು ಸಾಮಾನ್ಯ. ಅಮ್ಮನ ಉತ್ತರ ಒಂದು ಕ್ಷಣ ತಡವಾಗಿ ಬಂದರೆ ಅದು ಭೂಗೋಳದ ನಿಯಮ. ಯಾವ ದುಬಾರಿ ಯೋಜನೆಯೂ ಅದನ್ನು ಅಳಿಸಲಾರದು.

ಆದರೆ ಮಾತು ತುಂಡಾಗುವುದು, ಚಿತ್ರ ನಿಂತುಬಿಡುವುದು ಬೇರೆ ವಿಷಯ. ಆಗ ಅಮೆರಿಕದಲ್ಲಿಯೇ ಇರುವ ಸ್ನೇಹಿತರೊಬ್ಬರಿಗೆ ಅದೇ ಕೋಣೆಯಿಂದ ವೀಡಿಯೊ ಕರೆ ಮಾಡಿ ನೋಡಬೇಕು. ಅದು ಸರಾಗವಾಗಿದ್ದರೆ ದೋಷ ಬಹುಮಟ್ಟಿಗೆ ಆಚೆಯ ಕಡೆಯದು. ಇಲ್ಲಿ ಎಷ್ಟೇ ವೇಗ ಕೊಂಡರೂ ಧಾರವಾಡದ ಮನೆಯ ದಪ್ಪ ಗೋಡೆಯನ್ನು ಅದು ದಾಟುವುದಿಲ್ಲ. ಇಲ್ಲಿ ಯೋಜನೆಗೆ ಸುರಿಯುವ ಹಣದ ಸಣ್ಣ ಪಾಲಿನಲ್ಲಿ ಅಲ್ಲಿ ರೂಟರನ್ನು ಅಪ್ಪ ಅಮ್ಮ ಕೂರುವ ಕೋಣೆಗೆ ತರಿಸಬಹುದು. ಕರೆಂಟು ಹೋದಾಗಲೂ ರೂಟರನ್ನು ನಡೆಸುವ ಪುಟ್ಟ ಯುಪಿಎಸ್ ಕೊಡಿಸಬಹುದು. ಹೆಚ್ಚಿನ ಪ್ರಯೋಜನ ಸಿಗುವುದು ಅದರಿಂದಲೇ.

ಮೋಡೆಮ್: ಬಾಡಿಗೆಯೋ ಸ್ವಂತವೋ?

ಈ ಪ್ರಶ್ನೆ ಮುಖ್ಯವಾಗಿ ಕೇಬಲ್ ಸಂಪರ್ಕಕ್ಕೆ ಸಂಬಂಧಿಸಿದ್ದು. ಫೈಬರಿನಲ್ಲಿ ಒಎನ್‌ಟಿಯನ್ನು ಕಂಪನಿಯೇ ಕೊಡುತ್ತದೆ. ಕೇಬಲ್ ಮೋಡೆಮ್‌ಗಳು ಡಾಕ್ಸಿಸ್ ಎಂಬ ಮಾನದಂಡವನ್ನು ಅನುಸರಿಸುತ್ತವೆ. ಅದರ 3.0 ಆವೃತ್ತಿ 2006ರದು, 3.1 ಆವೃತ್ತಿ 2013ರದು. ಈಗ ಕೊಳ್ಳುವವರು 3.1ಕ್ಕಿಂತ ಹಳೆಯದನ್ನು ಕೊಳ್ಳಬಾರದು. 4.0 ಇನ್ನೂ ಎಲ್ಲೆಡೆ ಹರಡಿಲ್ಲ. ತಮ್ಮ ಪ್ರದೇಶದಲ್ಲಿ ಕಂಪನಿ ಅದನ್ನು ನೀಡುತ್ತಿದ್ದರೆ ಮಾತ್ರ ಯೋಚಿಸಬಹುದು.

ಬಾಡಿಗೆ ತಿಂಗಳಿಗೆ 15 ಡಾಲರ್ ಎಂದಿಟ್ಟುಕೊಂಡರೆ ವರ್ಷಕ್ಕೆ 180 ಡಾಲರ್ ಆಗುತ್ತದೆ. ಮೂರು ನಾಲ್ಕು ವರ್ಷ ಒಂದೇ ಮನೆಯಲ್ಲಿರುವವರಿಗೆ ಸ್ವಂತದ್ದೇ ಲಾಭಕರ. ಗ್ರಾಹಕರು ತಮ್ಮದೇ ಉಪಕರಣ ಬಳಸುವಾಗ ಕಂಪನಿಯು ಅದಕ್ಕೆ ಬಾಡಿಗೆ ವಸೂಲು ಮಾಡಬಾರದೆಂದು ಅಮೆರಿಕದ ಸಂಸತ್ತು 2019ರ ಕೊನೆಯಲ್ಲಿ ಕಾನೂನು ಮಾಡಿದೆ. ಹೊಸ ಮೋಡೆಮ್ ಜೋಡಿಸಿದ ಮೇಲಿನ ಮೊದಲ ಬಿಲ್ಲನ್ನು ಈ ದೃಷ್ಟಿಯಿಂದ ಓದಬೇಕು.

ಕೊಳ್ಳುವ ಮುನ್ನ ಕೆಲವು ಎಚ್ಚರಿಕೆಗಳು ಅಗತ್ಯ. ಮೋಡೆಮ್ ಕಂಪನಿಯ ಅನುಮೋದಿತ ಪಟ್ಟಿಯಲ್ಲಿರಬೇಕು. ಮನೆಯ ದೂರವಾಣಿಯೂ ಅದೇ ಕಂಪನಿಯದಾದರೆ ದೂರವಾಣಿ ಜೋಡಿಸುವ ರಂಧ್ರವುಳ್ಳ ಮಾದರಿಯೇ ಬೇಕು. ಹಿಂದಿನ ಬಳಕೆದಾರರು ಕಂಪನಿಗೆ ಹಿಂತಿರುಗಿಸದೆ ಮಾರಿದ ಮೋಡೆಮನ್ನು ಕಂಪನಿ ನೋಂದಾಯಿಸಿಕೊಳ್ಳದೆ ಹೋಗಬಹುದಾದ್ದರಿಂದ ಬಳಸಿದ್ದನ್ನು ಕೊಳ್ಳದಿರುವುದು ಲೇಸು. ಬಾಡಿಗೆಯ ಪೆಟ್ಟಿಗೆಯನ್ನು ಹಿಂತಿರುಗಿಸಿದಾಗ ರಸೀದಿ ಪಡೆದು ಜೋಪಾನ ಮಾಡಬೇಕು.

ರೂಟರ್ ಮತ್ತು ಅದರ ಜಾಗ

ರೂಟರ್ ಮೂರು ತರಂಗಪಟ್ಟಿಗಳನ್ನು ಬಳಸಬಲ್ಲದು. 2.4 ಗಿಗಾಹರ್ಟ್ಸ್ ದೂರ ಸಾಗುತ್ತದೆ, ಆದರೆ ನಿಧಾನ. ಮೈಕ್ರೊವೇವ್ ಒಲೆಯೂ ಇದೇ ಪಟ್ಟಿಯಲ್ಲಿ ಗದ್ದಲ ಮಾಡುತ್ತದೆ. 5 ಗಿಗಾಹರ್ಟ್ಸ್ ವೇಗವುಳ್ಳದ್ದು, ಗೋಡೆಗಳಿಗೆ ಬೇಗ ಸೋಲುತ್ತದೆ. 2020ರಲ್ಲಿ ಎಫ್‌ಸಿಸಿಯು ವೈಫೈಗೆ ತೆರೆದ 6 ಗಿಗಾಹರ್ಟ್ಸ್ ಪಟ್ಟಿ ಇನ್ನೂ ಸಮೀಪದ ಬಳಕೆಗೆ ತಕ್ಕುದು. ಹೆಚ್ಚಿನ ಮನೆಗಳಿಗೆ ವೈಫೈ 6 ರೂಟರ್ ಸಾಕು. ವೈಫೈ 7ರ ಲಾಭ ಪಡೆಯಲು ಫೋನು, ಲ್ಯಾಪ್‌ಟಾಪುಗಳೂ ಅದೇ ಪೀಳಿಗೆಯವಾಗಿರಬೇಕು.

ಹೊಸ ರೂಟರ್ ಕೊಳ್ಳುವ ಮುನ್ನ ಇರುವುದನ್ನು ಸ್ಥಳಾಂತರಿಸಿ ನೋಡಬೇಕು. ನೆಲಮಾಳಿಗೆಯ ಮೂಲೆ, ಟೀವಿಯ ಹಿಂಬದಿ, ಲೋಹದ ಕಪಾಟು ಇವು ಮೂರೂ ಕೆಟ್ಟ ಜಾಗಗಳು. ಮನೆಯ ನಡುವೆ, ಎತ್ತರದಲ್ಲಿ, ತೆರೆದ ಕಡೆ ಇಟ್ಟರೆ ಎಷ್ಟೋ ದೂರುಗಳು ಅಲ್ಲಿಗೇ ಮುಗಿಯುತ್ತವೆ. ಎರಡು ಅಂತಸ್ತಿನ ದೊಡ್ಡ ಮನೆಗೆ ಮೆಶ್ ವ್ಯವಸ್ಥೆ ಬೇಕಾಗಬಹುದು. ಅದರ ಘಟಕಗಳನ್ನು ತಂತಿಯಿಂದ ಜೋಡಿಸಿದರೆ ಫಲ ಬಹಳ ಉತ್ತಮ. ಈಥರ್‌ನೆಟ್ ತಂತಿ ಇಲ್ಲದಿದ್ದರೆ ಗೋಡೆಯೊಳಗೆ ಈಗಾಗಲೇ ಇರುವ ಟೀವಿ ಕೇಬಲ್ಲನ್ನೇ ಬಳಸುವ ಮೋಕಾ ಎಂಬ ಜೋಡಕಗಳಿವೆ.

ಸುರಕ್ಷತೆ ಮತ್ತು ತುರ್ತು ಸಂದರ್ಭ

ತಯಾರಕರು ತಂತ್ರಾಂಶದ ನವೀಕರಣ ನಿಲ್ಲಿಸಿದ ರೂಟರ್ ಓಡುತ್ತಿದ್ದರೂ ನಿವೃತ್ತಿಗೆ ಅರ್ಹ. 2018ರ ಮೇ ತಿಂಗಳಲ್ಲಿ ಬೆಳಕಿಗೆ ಬಂದ ವಿಪಿಎನ್‌ಫಿಲ್ಟರ್ ಎಂಬ ದುಷ್ಟ ತಂತ್ರಾಂಶವು ಐದು ಲಕ್ಷಕ್ಕೂ ಹೆಚ್ಚು ಉಪಕರಣಗಳನ್ನು ಹೊಕ್ಕಿತ್ತು. ಮನೆಗಳ ರೂಟರುಗಳನ್ನು ಆರಿಸಿ ಮತ್ತೆ ಹಚ್ಚುವಂತೆ ಎಫ್‌ಬಿಐ ಆಗ ಸಾರ್ವಜನಿಕರಿಗೆ ಸೂಚಿಸಬೇಕಾಯಿತು. ಸ್ವಯಂ ನವೀಕರಣವನ್ನು ಸಕ್ರಿಯಗೊಳಿಸಿ, ಆಡಳಿತದ ಗುಪ್ತಪದವನ್ನು ಬದಲಿಸಿ, ಡಬ್ಲ್ಯುಪಿಎ2 ಅಥವಾ ಡಬ್ಲ್ಯುಪಿಎ3 ರಕ್ಷಣೆಯನ್ನು ಆರಿಸಬೇಕು. ಕ್ಯಾಮೆರಾ, ಟೀವಿಗಳನ್ನು ಅತಿಥಿ ಜಾಲಕ್ಕೆ ಸೇರಿಸುವುದು ಕ್ಷೇಮ.

ಹಳೆಯ ತಾಮ್ರದ ದೂರವಾಣಿಗೆ ವಿದ್ಯುತ್ತು ಕೇಂದ್ರದಿಂದಲೇ ಬರುತ್ತಿತ್ತು. ಮನೆಯಲ್ಲಿ ಕತ್ತಲಾದರೂ ಅದು ಮಾತಾಡುತ್ತಿತ್ತು. ಮೋಡೆಮ್ ಮೂಲಕ ನಡೆಯುವ ದೂರವಾಣಿ ಹಾಗಲ್ಲ. ವಿದ್ಯುತ್ತು ಹೋದರೆ ಮೋಡೆಮ್ ಸಾಯುತ್ತದೆ, 911 ಕರೆಯೂ ಹೋಗುವುದಿಲ್ಲ. ಹೃದ್ರೋಗಿಗಳು, ಒಂಟಿ ಹಿರಿಯರು ಇರುವ ಮನೆಗಳಲ್ಲಿ ಮೋಡೆಮಿಗೆ, ರೂಟರಿಗೆ ಬ್ಯಾಟರಿಯ ಆಸರೆ ಇರಲೇಬೇಕು. ಚಾರ್ಜ್ ಮಾಡಿದ ಮೊಬೈಲೂ ಕೈಗೆಟುಕುವಂತಿರಬೇಕು. ಪೇಸ್‌ಮೇಕರ್‌ನ ಮಾಹಿತಿಯನ್ನು ಆಸ್ಪತ್ರೆಗೆ ಕಳಿಸುವ ಹಾಸಿಗೆಯ ಪಕ್ಕದ ಯಂತ್ರ ಮನೆಯ ವೈಫೈ ಬಳಸುತ್ತದೆಯೋ ಮೊಬೈಲ್ ಜಾಲವನ್ನೋ ಎಂಬುದನ್ನು ವೈದ್ಯರ ಕಚೇರಿಯಲ್ಲಿ ವಿಚಾರಿಸಬೇಕು. ವೈಫೈ ಹೆಸರನ್ನೋ ಗುಪ್ತಪದವನ್ನೋ ಬದಲಿಸಿದ ದಿನ ಅದನ್ನು ಮತ್ತೆ ಜೋಡಿಸಲು ಮರೆಯಬಾರದು. ಮನೆ ಬದಲಿಸಿದಾಗ ಅಂತರ್ಜಾಲ ದೂರವಾಣಿಯ 911 ವಿಳಾಸವನ್ನೂ ತಿದ್ದಿಸಬೇಕು.

ಕೊನೆಯದಾಗಿ, ಹೊಸ ಸಂಪರ್ಕ ಬಂದ ದಿನವೇ ಹಳೆಯದನ್ನು ಕಡಿಸುವುದು ಬೇಡ. ಎರಡನ್ನೂ ಒಂದು ವಾರ ಇಟ್ಟುಕೊಂಡು, ಮೊದಲು ಹೇಳಿದ ಪರೀಕ್ಷೆಯನ್ನು ಹೊಸದರ ಮೇಲೆ ರಾತ್ರಿಯ ಹೊತ್ತಿನಲ್ಲಿ ಮಾಡಿ, ಊರಿಗೂ ಒಂದೆರಡು ಕರೆ ಮಾಡಿ ನೋಡಿದ ಮೇಲೆ ತೀರ್ಮಾನಿಸುವುದು ಯೋಗ್ಯ. ಒಂದು ವಾರದ ಹೆಚ್ಚುವರಿ ಶುಲ್ಕ ಅದಕ್ಕೆ ತಗಲುವ ಸಣ್ಣ ವೆಚ್ಚ.