‘275’ ಎಂಬ ಸಂಖ್ಯಾನಾಮದ ವಿಚಾರ

ಗದಗ, ಮುಂಡರಗಿ ಸೀಮೆಯ ಎರೆಹೊಲಗಳಲ್ಲಿ ‘275’ ಎಂಬ ಅಂಕಿಯನ್ನು ಹೊತ್ತ ಮಹೀಂದ್ರ ಟ್ರ್ಯಾಕ್ಟರುಗಳು ಇಂದಿಗೂ ಉಳುತ್ತಿರುವುವು. ಅರುವತ್ತು ವರ್ಷಗಳ ಹಿಂದಿನ ಎಂಜಿನ್ನೇ ಇದರಲ್ಲಿ ಉಳಿದುಬಂದಿದೆಯೆಂಬ ಮಾತು ವಿಚಾರಾರ್ಹವಾದುದು.

ಅಂಕಿಯ ಮೂಲವು ಇಂಗ್ಲೆಂಡಿನದು. ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಕಂಪನಿಯು 1958ರಲ್ಲಿ ಡಾನ್‌ಕಾಸ್ಟರಿನಿಂದ ಬಿ-275 ಎಂಬ ಟ್ರ್ಯಾಕ್ಟರನ್ನು ಹೊರತಂದಿತು. 1963ರಲ್ಲಿ ಮಹೀಂದ್ರದವರೊಡನೆ ಕೂಡಿಕೊಂಡು, ಮುಂದೆ ಮುಂಬಯಿಯಲ್ಲಿಯೂ ಅದನ್ನೇ ಕಟ್ಟಲಾರಂಭಿಸಿತು. ಅದರ ಎಂಜಿನ್ನಿಗೆ ಸಿಲಿಂಡರುಗಳು ನಾಲ್ಕು; ಎಣ್ಣೆಯು ಮೊದಲು ಪಕ್ಕದ ಕಿರುಕೋಣೆಯಲ್ಲಿ ಹೊತ್ತಿ, ಬಳಿಕ ಉರಿಯು ಸಿಲಿಂಡರಿಗೆ ನುಗ್ಗುತ್ತಿದ್ದಿತು. ಈಗಿನ 275ಕ್ಕೆ ಸಿಲಿಂಡರುಗಳು ಮೂರೇ. ಎಣ್ಣೆಯು ನೇರವಾಗಿ ಅವುಗಳೊಳಗೇ ಚಿಮ್ಮುವುದು. ಹೆಸರಿನ ಕೊನೆಗೆ ಅಂಟಿದ ‘ಡಿಐ’ ಎಂಬ ಅಕ್ಷರಗಳ ಅರ್ಥವೂ ಇದೇ (ಅದನ್ನು ಓದುವವರು ವಿರಳ!). ಕುಶವನ್ನು ಕೊಯ್ಯುವವನೆಂಬ ಅರ್ಥವನ್ನು ತೊರೆದು ‘ಕುಶಲ’ ಶಬ್ದವು ನಿಪುಣನಲ್ಲಿ ರೂಢವಾದಂತೆ, 275 ಕೂಡ ರೂಢನಾಮವಾಯಿತು.

ಹಾಗೆಂದು ಹಳತೆಲ್ಲವೂ ಅಳಿಯಿತೆನ್ನಲಾಗದು. 2023ರ ಜನವರಿಯಲ್ಲಿ ಜಾರಿಗೆ ಬಂದ ಬಿಗಿಯಾದ ಹೊಗೆಯ ನಿಯಮವು 50 ಅಶ್ವಶಕ್ತಿಯನ್ನು ಮೀರಿದ ಟ್ರ್ಯಾಕ್ಟರುಗಳಿಗಷ್ಟೇ ಅನ್ವಯಿಸಿತು. ಆದುದರಿಂದ 40ರೊಳಗಿನ 275ಕ್ಕೆ ಗಣಕದ ನೆರವಿಲ್ಲದ ಹಳೆಯ ಬಗೆಯ ಪಂಪೇ ಸಾಕಾಯಿತು. ಅಂಥ ಎಂಜಿನ್ನನ್ನು ಊರ ಮಿಸ್ತ್ರಿಯೇ ಬಿಚ್ಚಿ ಕೂಡಿಸಬಲ್ಲನು. ಬಿತ್ತನೆಯ ಹದ ತಪ್ಪುವ ಹೊತ್ತಿಗೆ ರೈತನು ನೋಡುವುದು ಇದನ್ನೇ ಹೊರತು ಎಂಜಿನ್ನಿನ ವಯಸ್ಸನ್ನಲ್ಲ.