ಸಿಸ್ಟಿಕ್ ಫೈಬ್ರೋಸಿಸ್ ಮತ್ತು ಮೂತ್ರಪಿಂಡದ ಕಲ್ಲು

7ನೆಯ ವರ್ಣತಂತುವಿನಲ್ಲಿರುವ, 1989ರಲ್ಲಿ ಗುರುತಿಸಲಾದ ಸಿಎಫ್‌ಟಿಆರ್ ವಂಶವಾಹಿಯ ದೋಷದಿಂದ ಬರುವ ಸಿಸ್ಟಿಕ್ ಫೈಬ್ರೋಸಿಸ್ ಮುಖ್ಯವಾಗಿ ಶ್ವಾಸಕೋಶದ ಕಾಯಿಲೆಯೆಂದೇ ಪರಿಚಿತವಾದರೂ, ಈ ರೋಗಿಗಳಲ್ಲಿ ಮೂತ್ರಪಿಂಡದ ಕಲ್ಲುಗಳು, ಅದರಲ್ಲೂ ಕ್ಯಾಲ್ಸಿಯಂ ಆಕ್ಸಲೇಟ್ ಕಲ್ಲುಗಳು, ಇತರರಿಗಿಂತ ಹೆಚ್ಚಾಗಿ ಕಂಡುಬರುತ್ತವೆ. ಮೇದೋಜೀರಕ ಗ್ರಂಥಿಯ ಕಿಣ್ವಗಳು ಸಾಲದೆ ಕರುಳಿನಲ್ಲಿ ಉಳಿಯುವ ಕೊಬ್ಬಿನಾಮ್ಲಗಳು ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟುಕೊಳ್ಳುತ್ತವೆ. ಇದರಿಂದ, ಕ್ಯಾಲ್ಸಿಯಂನೊಡನೆ ಸೇರಿ ಮಲದಲ್ಲಿ ಹೊರಹೋಗಬೇಕಾಗಿದ್ದ ಆಕ್ಸಲೇಟ್, ಅಂದರೆ ಪಾಲಕ್ ಮೊದಲಾದ ಸೊಪ್ಪುಗಳಲ್ಲಿ ಹೇರಳವಾಗಿರುವ ಲವಣ, ರಕ್ತಕ್ಕೆ ಹೀರಲ್ಪಟ್ಟು ಮೂತ್ರವನ್ನು ಸೇರುತ್ತದೆ. ಪದೇ ಪದೇ ಕೊಡುವ ಪ್ರತಿಜೀವಕಗಳಿಂದ ಆಕ್ಸಲೇಟನ್ನು ಒಡೆಯುವ ಆಕ್ಸಲೊಬ್ಯಾಕ್ಟರ್ ಎಂಬ ಕರುಳಿನ ಬ್ಯಾಕ್ಟೀರಿಯಾ ನಶಿಸುವುದೂ, ಹರಳುಗಟ್ಟುವಿಕೆಯನ್ನು ತಡೆಯುವ ಸಿಟ್ರೇಟ್ ಮೂತ್ರದಲ್ಲಿ ಕಡಿಮೆಯಾಗುವುದೂ ಅಪಾಯವನ್ನು ಹೆಚ್ಚಿಸುತ್ತವೆ. ಸಾಕಷ್ಟು ನೀರು ಮತ್ತು ಸರಿಯಾದ ಪ್ರಮಾಣದ ಕಿಣ್ವ ಚಿಕಿತ್ಸೆ ಮುಖ್ಯ ಮುಂಜಾಗ್ರತೆಗಳು. ಆದರೆ ಬೆವರಿನಲ್ಲಿ ಅತಿಯಾಗಿ ಉಪ್ಪು ಕಳೆದುಕೊಳ್ಳುವ ಈ ರೋಗಿಗಳಿಗೆ, ಕಲ್ಲಿನ ತೊಂದರೆಯುಳ್ಳವರಿಗೆ ಸಾಮಾನ್ಯವಾಗಿ ಹೇಳುವ ಉಪ್ಪು ಕಡಿಮೆ ಮಾಡುವ ಪಥ್ಯ ಹೊಂದುವುದಿಲ್ಲ.